ಬೆಳ್ಳಿತೆರೆಯ ಗುಡುಗು

ಮಿಂಚು ಮೊದಲೋ ಗುಡುಗು ಮೊದಲೋ ಎಂದು ಹಳ್ಳಿಯ ಹಿರಿಯರನ್ನು ಕೇಳಿದರೆ ಅವರು ನಕ್ಕುಬಿಟ್ಟಾರು. ಮಿಂಚನ್ನು ಕಂಡು ಕಿವಿ ಮುಚ್ಚಿಕೊಳ್ಳುವ ಮಗುವಿಗೂ ಅದರ ಉತ್ತರ ಗೊತ್ತು. ಆದರೆ ಕೆಲವು ಕಾಲದ ಹಿಂದೆ ಕಾಲೇಜಿನ ತರಗತಿಯಲ್ಲಿ ಶಬ್ದವೇಗದ ಪಾಠ ನಡೆಯುತ್ತಿದ್ದಾಗ, ಒಂದು ಕಿಲೋಮೀಟರು ದೂರದಲ್ಲಿ ಮಿಂಚು ಹೊಳೆದರೆ ಗುಡುಗು ಎಷ್ಟು ತಡವಾಗಿ ಕೇಳಿಸುವುದೆಂದು ನಾವು ಪ್ರಶ್ನಿಸಿದೆವು. ಸೂತ್ರವನ್ನು ಎಲ್ಲರೂ ಬಲ್ಲರು; ಆದರೂ ಕೆಲವರು 'ಜೊತೆಗೇ ಕೇಳಿಸುತ್ತದೆ' ಎಂದರು. ಹಾಗೆಂದು ಹೇಗೆ ಬಲ್ಲಿರಿ ಎಂದುದಕ್ಕೆ ಒಬ್ಬ ವಿದ್ಯಾರ್ಥಿ, 'ಸಿನೆಮಾದಲ್ಲಿ ಯಾವಾಗಲೂ ಹಾಗೇ ಅಲ್ಲವೇ ಸಾರ್?' ಎಂದನು. ತರಗತಿ ನಕ್ಕಿತು, ನಾವೂ ನಕ್ಕೆವು. ಆದರೆ ಆ ಉತ್ತರ ಮನೆಯವರೆಗೂ ನಮ್ಮನ್ನು ಬೆನ್ನಟ್ಟಿ ಬಂದಿತು. ಹುಡುಗನು ತಪ್ಪು ಹೇಳಲಿಲ್ಲ. ತಾನು ನೂರು ಬಾರಿ ಕಂಡುಕೇಳಿದ್ದನ್ನೇ ಹೇಳಿದನು. ತಪ್ಪು ಬೇರೆಲ್ಲೋ ಇದೆ. ಅದೆಲ್ಲಿ, ಅದರಲ್ಲಿ ಕ್ಷಮಿಸತಕ್ಕದ್ದೆಷ್ಟು, ಕ್ಷಮಿಸಬಾರದ್ದೆಷ್ಟು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಚಿತ್ರಮಂದಿರದಲ್ಲಿ ನಾವು ಕೇಳುವ ಶಬ್ದವು ಒಂದೇ ಪ್ರವಾಹವೆಂದು ತೋರಿದರೂ ಅದು ಹಲವು ತೊರೆಗಳು ಕೂಡಿ ಆದದ್ದು. ಮೊದಲನೆಯದು ಮಾತು. ಎರಡನೆಯದು ಹೆಜ್ಜೆಯ ಸಪ್ಪಳ, ಬಾಗಿಲ ಕಿರುಗುಟ್ಟುವಿಕೆ, ಖಡ್ಗದ ಖಣಖಣ ಮೊದಲಾದ ಕ್ರಿಯಾಶಬ್ದ. ಮೂರನೆಯದು, ಯಾರ ಕ್ರಿಯೆಯಿಂದಲೂ ಹುಟ್ಟದೆ ಸುಮ್ಮನೆ ಸುತ್ತಲೂ ಇರುವ ಪರಿಸರಶಬ್ದ: ಸಂತೆಯ ಗದ್ದಲ, ರಾತ್ರಿಯ ಜೀರುಂಡೆ, ದೂರದ ರೈಲು. ನಾಲ್ಕನೆಯದು ಸಂಗೀತ. ಐದನೆಯದಾಗಿ ಮೌನವನ್ನೂ ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ. ಇವನ್ನೆಲ್ಲ ಬೇರೆ ಬೇರೆಯಾಗಿ ಮುದ್ರಿಸಿ, ಬೇಕಾದ ಪ್ರಮಾಣದಲ್ಲಿ ಬೆರೆಸಿ, ಕೊನೆಗೆ ಒಂದಾಗಿ ನಮ್ಮ ಕಿವಿಗೆ ಉಣಬಡಿಸುತ್ತಾರೆ.

ಈ ಅಡುಗೆ ಒಂದೇ ದಿನದಲ್ಲಿ ಕಲಿತದ್ದಲ್ಲ. 1927ರಲ್ಲಿ ಅಮೆರಿಕದ 'ದಿ ಜಾಝ್ ಸಿಂಗರ್' ಚಿತ್ರ ಮಾತನ್ನೂ ಹಾಡನ್ನೂ ತೆರೆಗೆ ತಂದಿತು. ಅದರ ಶಬ್ದವು ಫಿಲ್ಮಿನ ಮೇಲಿರಲಿಲ್ಲ, ಪ್ರತ್ಯೇಕವಾದ ಗ್ರಾಮಫೋನ್ ತಟ್ಟೆಗಳ ಮೇಲಿತ್ತು. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' 1931ರ ಮಾರ್ಚ್ 14ರಂದೂ, ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದೂ ತೆರೆಕಂಡವು. 'ಆಲಂ ಆರಾ' ತಯಾರಾದ ಸ್ಟುಡಿಯೋ ರೈಲುಹಳಿಯ ಬಳಿಯಲ್ಲಿತ್ತು. ಆದುದರಿಂದ ಚಿತ್ರೀಕರಣದ ಹೆಚ್ಚು ಭಾಗವನ್ನು ರೈಲುಗಳು ಓಡಾಡದ ನಡುರಾತ್ರಿಯಲ್ಲಿ ನಡೆಸಬೇಕಾಯಿತು. ವಾದ್ಯಗಾರರು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ನುಡಿಸಬೇಕಾಯಿತು. ಬೇಕಾದ ಶಬ್ದವನ್ನು ಹಿಡಿಯುವುದಕ್ಕಿಂತ ಬೇಡವಾದ ಶಬ್ದವನ್ನು ದೂರವಿಡುವುದೇ ಕಷ್ಟವೆಂಬ ಪಾಠವನ್ನು ನಮ್ಮ ಚಿತ್ರರಂಗ ಹುಟ್ಟಿದ ದಿನವೇ ಕಲಿತಿತು.

ಮುಂದೆ ಶಬ್ದವು ಫಿಲ್ಮಿನ ಅಂಚಿಗೇ ಬಂದಿತು. ಚಿತ್ರಗಳ ಪಕ್ಕದಲ್ಲಿ ಅಗಲಕಿರಿದಾಗುತ್ತ ಹೋಗುವ ಒಂದು ಪಟ್ಟಿ. ಅದರ ಮೂಲಕ ಹಾಯುವ ಬೆಳಕು ಹೆಚ್ಚುಕಡಮೆಯಾದಂತೆ ದ್ಯುತಿಕೋಶದಲ್ಲಿ ವಿದ್ಯುತ್ತು ಹೆಚ್ಚುಕಡಮೆಯಾಗುವುದು. ಆ ವಿದ್ಯುತ್ತೇ ಧ್ವನಿವರ್ಧಕದಲ್ಲಿ ಮತ್ತೆ ಶಬ್ದವಾಗುವುದು. 35 ಮಿಲಿಮೀಟರಿನ ಫಿಲ್ಮು ಸೆಕೆಂಡಿಗೆ 24 ಚಿತ್ರಗಳಂತೆ, ಎಂದರೆ ಸೆಕೆಂಡಿಗೆ ಸುಮಾರು 46 ಸೆಂಟಿಮೀಟರು ಓಡುತ್ತದೆ. ಇಲ್ಲೊಂದು ಸ್ವಾರಸ್ಯವುಂಟು. ದೀಪದ ಮುಂದೆ ಪ್ರತಿಯೊಂದು ಚಿತ್ರವೂ ಕ್ಷಣಮಾತ್ರ ನಿಂತು ಮುಂದೆ ಸರಿಯಬೇಕು. ಶಬ್ದದ ಪಟ್ಟಿಯಾದರೋ ಎಲ್ಲಿಯೂ ನಿಲ್ಲದೆ ಸಮವೇಗದಿಂದ ಹರಿಯಬೇಕು. ಒಂದೇ ಜಾಗದಲ್ಲಿ ಇವೆರಡೂ ಸಾಧ್ಯವಿಲ್ಲ. ಆದುದರಿಂದ ಪ್ರತಿ ಚಿತ್ರದ ಶಬ್ದವನ್ನೂ ಆ ಚಿತ್ರಕ್ಕಿಂತ ಸುಮಾರು 20 ಚೌಕಟ್ಟು ಮುಂದಕ್ಕೆ ಅಚ್ಚುಹಾಕುತ್ತಿದ್ದರು. ಇಂದು ಬಹುತೇಕ ಚಿತ್ರಮಂದಿರಗಳಲ್ಲಿ ಫಿಲ್ಮಿನ ಸುರುಳಿ ಹೋಗಿ ಡಿಜಿಟಲ್ ಕಡತ ಬಂದಿದೆ. ಆದರೂ ಶಬ್ದಕ್ಕೂ ಚಿತ್ರಕ್ಕೂ ಹುಟ್ಟಿನಿಂದ ಗಂಟಿಲ್ಲ, ಅವನ್ನು ಗಂಟುಹಾಕುವವನು ಮನುಷ್ಯನೇ ಎಂಬ ಸತ್ಯ ಬದಲಾಗಿಲ್ಲ. ಗಂಟುಹಾಕುವ ಸ್ವಾತಂತ್ರ್ಯವಿರುವಲ್ಲಿ ಸುಳ್ಳು ಹೇಳುವ ಸ್ವಾತಂತ್ರ್ಯವೂ ಇದ್ದೇ ಇರುತ್ತದೆ.

ಮೊದಲನೆಯ ಬಗೆಯ ಸುಳ್ಳನ್ನು ನೋಡೋಣ. ತೆರೆಯ ಮೇಲೆ ಕುದುರೆ ಓಡುತ್ತದೆ; ಕೇಳಿಸುವುದು ತೆಂಗಿನ ಚಿಪ್ಪಿನ ಶಬ್ದ. ನಾಯಿಕೆ ಹಿಮದ ಮೇಲೆ ನಡೆಯುತ್ತಾಳೆ. ಕೇಳಿಸುವುದು ಮುಸುಕಿನಜೋಳದ ಪಿಷ್ಟ ತುಂಬಿದ ಚರ್ಮದ ಚೀಲವನ್ನು ಹಿಸುಕಿದ ಶಬ್ದ. ಚಿತ್ರವನ್ನು ನೋಡುತ್ತ ನೋಡುತ್ತಲೇ ಇಂಥ ಶಬ್ದಗಳನ್ನು ಕೈಕಾಲುಗಳಿಂದ ಹೊಂದಿಸುವ ಕಲೆಗೆ ಅಮೆರಿಕದ ಜ್ಯಾಕ್ ಫೋಲಿ ಎಂಬಾತನ ಹೆಸರೇ ನಿಂತಿದೆ. 1933ರ 'ಕಿಂಗ್ ಕಾಂಗ್' ಚಿತ್ರದ ದೈತ್ಯ ಕಪಿಯ ಆರ್ಭಟವು ಸಿಂಹ ಹಾಗೂ ಹುಲಿಗಳ ಗರ್ಜನೆಯನ್ನು ನಿಧಾನಗೊಳಿಸಿ, ಹಿಂದುಮುಂದಾಗಿ ಓಡಿಸಿ ಪಡೆದದ್ದು. ಮುದ್ರಿಸಿದ ಧ್ವನಿಯನ್ನು ಅರ್ಧ ವೇಗದಲ್ಲಿ ಓಡಿಸಿದರೆ ಅದರ ಕಂಪನಸಂಖ್ಯೆ ಅರ್ಧವಾಗಿ, ಶ್ರುತಿ ಒಂದು ಸ್ಥಾಯಿ ಕೆಳಗಿಳಿಯುವುದೆಂದು ವಿದ್ಯಾರ್ಥಿಗಳು ಬಲ್ಲರು. ಇಲ್ಲದ ಪ್ರಾಣಿಗೆ ಕಂಠ ಬಂದದ್ದು ಆ ಸರಳ ನಿಯಮದಿಂದ.

ಇದು ಮೋಸವೆ? ನಾವು ಹಾಗೆನ್ನಲಾರೆವು. ಕಿವಿಯು ಶಬ್ದವನ್ನು ಗುರುತಿಸುವುದು ಅದು ಯಾವ ವಸ್ತುವಿನಿಂದ ಹುಟ್ಟಿತೆಂಬುದರಿಂದಲ್ಲ. ಅದು ಎಷ್ಟು ಬೇಗ ಮೇಲೆದ್ದಿತು, ಅದರಲ್ಲಿ ಯಾವ ಯಾವ ಕಂಪನಗಳು ಬೆರೆತಿವೆ, ಹೇಗೆ ಅಡಗಿತು ಎಂಬ ಮೂರು ಗುರುತುಗಳಿಂದ. ತೆಂಗಿನ ಚಿಪ್ಪು ಈ ಮೂರರಲ್ಲಿಯೂ ಗೊರಸನ್ನು ಹೋಲುತ್ತದೆ. ನಾಟಕದ ಪಾತ್ರಧಾರಿ ರಾಜನಲ್ಲವೆಂದು ನಾವು ದೂರುವೆವೇ? ವೇಷ ಹಾಕಿದವನು ರಾಜನಂತೆ ನಡೆದರೆ ಸಾಕು. ಶಬ್ದದ ಈ ವೇಷವೂ ಅಂಥದ್ದೇ. ಪ್ರಪಂಚ ಹೇಗಿದೆಯೆಂಬುದರ ಬಗ್ಗೆ ಅದು ನಮಗೆ ತಪ್ಪು ಹೇಳುವುದಿಲ್ಲ.

ಸಂಗೀತದ ಮಾತೂ ಹಾಗೆಯೇ. ಕಾಡಿನಲ್ಲಿ ಒಂಟಿಯಾಗಿ ನಡೆಯುವವನ ಹಿಂದೆ ಪಿಟೀಲುಗಳು ನುಡಿಯುವುದಿಲ್ಲವೆಂಬುದು ನಿಜ. ಆದರೆ ಆ ಸಂಗೀತ ಕಾಡಿನದಲ್ಲ, ಅವನ ಮನಸ್ಸಿನದೆಂದು ಪ್ರೇಕ್ಷಕನು ಬಲ್ಲನು. 1955ರ 'ಪಥೇರ್ ಪಾಂಚಾಲಿ'ಯಲ್ಲಿ ಸತ್ಯಜಿತ್ ರಾಯ್ ಇದಕ್ಕೂ ಒಂದು ಹೆಜ್ಜೆ ಮುಂದೆ ಹೋದರು. ಮಗಳು ದುರ್ಗೆ ಸತ್ತುದನ್ನರಿಯದ ತಂದೆ ಊರಿನಿಂದ ಮರಳಿ, ಅವಳಿಗೆಂದು ತಂದ ಸೀರೆಯನ್ನು ತೋರಿಸಿದಾಗ ತಾಯಿ ಕುಸಿದು ಅಳುತ್ತಾಳೆ. ಆಕೆಯ ಬಾಯಿ ತೆರೆಯುವುದನ್ನು ಕಾಣುತ್ತೇವೆ, ಅಳು ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರಶಹನಾಯಿಯೊಂದು ಎತ್ತರದ ಸ್ವರದಲ್ಲಿ ನುಡಿಯುತ್ತದೆ. ಶಬ್ದವನ್ನು ಬದಲಿಸಿದ್ದರಿಂದ ಇಲ್ಲಿ ಸತ್ಯ ಕುಗ್ಗಿತೆ? ಹೆಚ್ಚಿತು. ಇಂಥ ಕಲ್ಪನೆಗೆ ಭೌತಶಾಸ್ತ್ರದ ಕಡೆಯಿಂದ ಯಾವ ಆಕ್ಷೇಪಣೆಯೂ ಇರಲಾರದು.

ಎರಡನೆಯ ಬಗೆಯ ಸುಳ್ಳಿಗೆ ಬರೋಣ. ಗುಡುಗಿನದು ಈ ಜಾತಿ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸಾಗುವುದು ಸೆಕೆಂಡಿಗೆ 343 ಮೀಟರು ಮಾತ್ರ. ಒಂದು ಕಿಲೋಮೀಟರಿಗೆ ಸುಮಾರು 3 ಸೆಕೆಂಡು. ತೆರೆಯ ಮೇಲಿನ ಮಿಂಚಿಗೂ ಗುಡುಗಿಗೂ ನಡುವೆ ಈ ಮೂರು ಸೆಕೆಂಡಿನ ಸುಳಿವೇ ಇರುವುದಿಲ್ಲ. ಕಿಟಕಿಯಾಚೆ ಬೆಟ್ಟದ ಮೇಲೆ ಮಿಂಚುತ್ತಲೇ ಢಂ ಎನ್ನುತ್ತದೆ. ಹಾಗೆ ಆಗಬೇಕಾದರೆ ಸಿಡಿಲು ಅಂಗಳದಲ್ಲಿಯೇ ಬಿದ್ದಿರಬೇಕು. ನಮ್ಮ ನಾಯಕನೋ, ಅದೇ ಕಿಟಕಿಯ ಬಳಿ ನಿಂತು ಶಾಂತನಾಗಿ ಪತ್ರ ಓದುತ್ತಿರುತ್ತಾನೆ! 1931ರ 'ಫ್ರ್ಯಾಂಕೆನ್‌ಸ್ಟೈನ್' ಚಿತ್ರಕ್ಕೆಂದು ಮುದ್ರಿಸಿದ ಒಂದು ಗುಡುಗು ಆಮೇಲೆ ಹಲವು ದಶಕಗಳ ಕಾಲ ಚಿತ್ರದಿಂದ ಚಿತ್ರಕ್ಕೆ ಸಾಲ ಹೋಯಿತು. ಗುಡುಗು ಸಾಲದ್ದಾದುದಕ್ಕೆ ನಮ್ಮ ದೂರಿಲ್ಲ. ಅದು ಕಾಲಕ್ಕೆ ಮುಂಚೆ ಬರುವುದಕ್ಕೆ ನಮ್ಮ ದೂರು.

ಚಿತ್ರ ತಯಾರಿಸುವವರು ಇದಕ್ಕೆ ಉತ್ತರ ಕೊಡದಿರರು. 'ಶಬ್ದ ತಡವಾಗಿ ಬಂದರೆ ಯಂತ್ರ ಕೆಟ್ಟಿದೆಯೆಂದು ಪ್ರೇಕ್ಷಕನು ತಿಳಿಯುತ್ತಾನೆ' ಎಂಬುದು ಅವರ ವಾದ. ಇದರಲ್ಲಿ ಸ್ವಲ್ಪ ನಿಜವಿದೆ. ತುಟಿಗೂ ಮಾತಿಗೂ ಹೊಂದಿಕೆ ತಪ್ಪಿದರೆ ಯಾರೂ ಸಹಿಸರು. ಆದರೆ ಲೆಕ್ಕ ಹಾಕಿ ನೋಡಿ. ಒಂದು ಚಿತ್ರ ತೆರೆಯ ಮೇಲಿರುವ ಕಾಲ ಸೆಕೆಂಡಿನ 24ನೇ ಒಂದು ಪಾಲು. ಅಷ್ಟರಲ್ಲಿ ಶಬ್ದ 14 ಮೀಟರು ಸಾಗುತ್ತದೆ. ತೆರೆಯಿಂದ 28 ಮೀಟರು ಹಿಂದೆ ಕುಳಿತವನಿಗೆ ಪ್ರತಿಯೊಂದು ಮಾತೂ ಎರಡು ಚಿತ್ರಗಳಷ್ಟು ತಡವಾಗಿಯೇ ಮುಟ್ಟುತ್ತದೆ. ಅವನು ಅದನ್ನು ಗಮನಿಸುವುದೇ ಇಲ್ಲ. ಶಬ್ದವು ಚಿತ್ರಕ್ಕಿಂತ ಅಷ್ಟೇ ಮುಂಚಿತವಾಗಿ ಬಂದರಾದರೋ ಬೇಗನೆ ಗುರುತು ಹಿಡಿಯುತ್ತೇವೆ. ಇದು ಸಹಜವೇ. ನಿಸರ್ಗದಲ್ಲಿ ಶಬ್ದ ಹಿಂದೆ ಬೀಳುವುದುಂಟು, ಬೆಳಕಿಗಿಂತ ಮುಂದೆ ಬರುವುದಿಲ್ಲ. ದೂರದ ಕಲ್ಲುಬಂಡೆಯ ಮೇಲೆ ಅಗಸನು ಬಟ್ಟೆ ಒಗೆಯುವಾಗ ಕೈ ಮೇಲಕ್ಕೆದ್ದ ಮೇಲೆ ಸದ್ದು ಬರುವುದನ್ನು ಕೆರೆಯ ದಡದಲ್ಲಿ ನಿಂತ ಯಾರು ಕಂಡಿಲ್ಲ? ತಡವನ್ನು ಸಹಿಸುವ, ಅಷ್ಟೇ ಅಲ್ಲ, ತಡದಿಂದ ದೂರವನ್ನು ಅಳೆಯುವ ಶಿಕ್ಷಣ ನಮ್ಮ ಕಿವಿಗೆ ಆಗಲೇ ದೊರೆತಿದೆ. ಆ ಶಿಕ್ಷಣವನ್ನು ಮರೆಸುವ ಅಗತ್ಯವಿಲ್ಲ.

ಸತ್ಯವನ್ನು ಪಾಲಿಸಿದರೆ ರಸಭಂಗವಾಗುವುದೆಂಬುದೂ ಸರಿಯಲ್ಲ. 1968ರ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದಲ್ಲಿ ಗಗನಯಾತ್ರಿಯೊಬ್ಬನು ಶಿರಸ್ತ್ರಾಣವಿಲ್ಲದೆ ಶೂನ್ಯವನ್ನು ದಾಟಿ ನೌಕೆಯೊಳಕ್ಕೆ ಹಾರಿ ಬೀಳುತ್ತಾನೆ. ಬಾಗಿಲು ಸಿಡಿಯುತ್ತದೆ, ಆದರೆ ಸದ್ದೇ ಇಲ್ಲ. ಗಾಳಿ ಒಳಕ್ಕೆ ನುಗ್ಗಿದ ಮೇಲೆಯೇ ಶಬ್ದ ಮರಳುತ್ತದೆ. ಮಾಧ್ಯಮವಿಲ್ಲದೆ ಶಬ್ದ ಸಾಗದೆಂದು ಗಂಟೆಯ ಜಾಡಿಯಿಂದ ಗಾಳಿ ತೆಗೆದು ನಾವು ತೋರಿಸುವ ಪ್ರಯೋಗವೇ ಅಲ್ಲಿ ಉಸಿರುಬಿಗಿಹಿಡಿಸುವ ದೃಶ್ಯವಾಗಿದೆ. 2023ರ 'ಆಪೆನ್‌ಹೈಮರ್' ಚಿತ್ರವನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರಬಹುದು. ಅಣುಬಾಂಬು ಉರಿದು ಬೆಂಕಿಯ ಗೋಳ ಮೇಲೇರುತ್ತದೆ. ಸ್ಫೋಟದ ಸದ್ದು ಇಲ್ಲ, ಉಸಿರಾಟವಷ್ಟೇ ಕೇಳಿಸುತ್ತದೆ. ಎಲ್ಲ ಮುಗಿಯಿತೆನ್ನುವಾಗ ಆಸ್ಫೋಟ ಬಂದು ಅಪ್ಪಳಿಸುತ್ತದೆ. ಇದು ನಿರ್ದೇಶಕನ ಚಮತ್ಕಾರವಲ್ಲ, ನಡೆದ ಸಂಗತಿ. 1945ರ ಜುಲೈ 16ರಂದು ಅಲ್ಲಿಂದ ಸುಮಾರು 10 ಮೈಲಿ ದೂರದಲ್ಲಿದ್ದ ಎನ್ರಿಕೊ ಫರ್ಮಿಗೆ ಗಾಳಿಯ ಆಘಾತ ಮುಟ್ಟಿದ್ದು ಸುಮಾರು 40 ಸೆಕೆಂಡುಗಳ ಬಳಿಕ. ಆ ಬಿಡುವಿನಿಂದಲೇ ಫರ್ಮಿಗೆ ಸಿದ್ಧವಾಗಿರಲು ಸಾಧ್ಯವಾಯಿತು. ಆಘಾತ ಬರುವ ವೇಳೆಗೆ ಕೈಯಿಂದ ಕಾಗದದ ಚೂರುಗಳನ್ನು ಬಿಟ್ಟು, ಅವು ಎಷ್ಟು ದೂರ ಸರಿದವೆಂಬುದರಿಂದ ಬಾಂಬಿನ ಬಲವನ್ನು ಅಂದಾಜು ಮಾಡಿದನು. ಬೆಳಕಿಗೂ ಶಬ್ದಕ್ಕೂ ನಡುವಣ ಅಂತರ ಅಂಥ ಕಡೆಯಲ್ಲಿಯೂ ಬರಿದಾದ ಕಾಲವಾಗಿರಲಿಲ್ಲ.

ಆ ಅಂತರ ನಮಗೂ ಬರಿದಾದ ಕಾಲವಲ್ಲ. ನಮ್ಮ ದೇಶದಲ್ಲಿ ಪ್ರತಿವರ್ಷವೂ ಸಿಡಿಲಿಗೆ ಎರಡು ಸಾವಿರಕ್ಕೂ ಹೆಚ್ಚು ಜನ ಬಲಿಯಾಗುತ್ತಿದ್ದಾರೆ. ಅವರಲ್ಲಿ ಹೊಲದಲ್ಲಿ ದುಡಿಯುವವರು, ದನಕುರಿ ಕಾಯುವವರು ಬಹಳ. ಕರ್ನಾಟಕದಲ್ಲಿ ಮುಂಗಾರಿಗೆ ಮೊದಲಿನ ಏಪ್ರಿಲ್ ಮೇ ತಿಂಗಳುಗಳ ಸಂಜೆಯ ಮಳೆ ಇದಕ್ಕೆ ಹೆಸರಾದದ್ದು. ಮಿಂಚಿನಿಂದ ಗುಡುಗಿನವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರದಲ್ಲಿದೆಯೆಂದು ತಿಳಿಯುತ್ತದೆ. ಎಣಿಕೆ 30ಕ್ಕಿಂತ ಕಡಮೆಯಾದರೆ ಸಿಡಿಲು 10 ಕಿಲೋಮೀಟರಿನೊಳಗಿದೆ, ಮುಂದಿನದು ನಾವಿರುವಲ್ಲಿಯೇ ಬೀಳಬಹುದು; ಗಟ್ಟಿಯಾದ ಕಟ್ಟಡದೊಳಕ್ಕೆ ಹೋಗಬೇಕು, ಮರದಡಿಗೆ ಹೋಗಕೂಡದು, ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಳೆಯುವವರೆಗೆ ಹೊರಬರಕೂಡದು. ನಿಜವಾಗಿ ನೋಡಿದರೆ ಗುಡುಗು ಕಿವಿಗೆ ಬಿದ್ದುದೇ ಒಳಗೆ ಹೋಗಲು ಸಾಕಾದ ಎಚ್ಚರಿಕೆ. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಬೇಕಾದುದು ಮಿಂಚಿಗೂ ಗುಡುಗಿಗೂ ನಡುವೆ ಅಂತರವುಂಟು, ಆ ಅಂತರಕ್ಕೆ ಅರ್ಥವುಂಟು ಎಂಬ ತಿಳಿವಳಿಕೆ. ಬೆಳ್ಳಿತೆರೆ ಅಳಿಸುತ್ತಿರುವುದು ಇದನ್ನೇ. ತೆಂಗಿನ ಚಿಪ್ಪಿನ ಗೊರಸಿನಿಂದ ಯಾರಿಗೂ ಕೇಡಿಲ್ಲ; ಜೊತೆಗೂಡಿದ ಮಿಂಚುಗುಡುಗಿನಿಂದ ಕೇಡಾಗಬಹುದು. ಎರಡು ಸುಳ್ಳುಗಳ ನಡುವೆ ನಾವು ಎಳೆಯುವ ಗೆರೆ ಇದು.

ಮೂರನೆಯದೊಂದುಂಟು. ಅದು ಸುಳ್ಳಿಗಿಂತ ಹೆಚ್ಚಾಗಿ ಅವಿವೇಕ. ಅದೇ ಅಬ್ಬರ. ಹಿಂದಿನ ಫಿಲ್ಮಿನ ಶಬ್ದಪಟ್ಟಿಗೆ ತನ್ನದೇ ಆದ ಮೊರೆತವಿತ್ತು. ತೀರ ಮೆಲ್ಲಗಿನ ಸದ್ದು ಅದರಲ್ಲಿ ಮುಳುಗಿಹೋಗುತ್ತಿತ್ತು. ಇಂದಿನ ಉಪಕರಣಗಳು ಎಲೆಯ ಮರ್ಮರದಿಂದ ಹಿಡಿದು ಫಿರಂಗಿಯವರೆಗೆ ಎಲ್ಲವನ್ನೂ ಹಿಡಿಯಬಲ್ಲವು. ಆದರೆ ಈ ಹರಹಿನ ಮೇಲಿನ ತುದಿಯೊಂದನ್ನೇ ಬಳಸುವ ಚಾಳಿ ಬೆಳೆದಿದೆ. ಹೊಡೆದಾಟಕ್ಕೂ ಅಬ್ಬರ, ಹಾಡಿಗೂ ಅಬ್ಬರ, ನಾಯಕನು ಕಾರಿನಿಂದ ಇಳಿಯುವುದಕ್ಕೂ ಅಬ್ಬರ. ಮಾತು ಸಂಗೀತದಡಿಯಲ್ಲಿ ಹೂತುಹೋಗುತ್ತದೆ. ಕಿವಿ ಹೋಲಿಕೆಯಿಂದ ಅಳೆಯುವ ಇಂದ್ರಿಯ. ಶಬ್ದದ ತೀವ್ರತೆ ಹತ್ತುಪಟ್ಟಾದಾಗ, ಎಂದರೆ 10 ಡೆಸಿಬೆಲ್ ಏರಿದಾಗ, ನಮಗದು ಸುಮಾರು ಇಮ್ಮಡಿ ಜೋರೆಂದು ತೋರುತ್ತದೆ. ಎಲ್ಲವೂ ಜೋರಾದರೆ ಹೋಲಿಕೆಗೆ ಏನೂ ಉಳಿಯದು. 1963ರಲ್ಲಿ ಹಿಚ್‌ಕಾಕ್ 'ದಿ ಬರ್ಡ್ಸ್' ಎಂಬ ಭಯಾನಕ ಚಿತ್ರಕ್ಕೆ ಹಿನ್ನೆಲೆ ಸಂಗೀತವನ್ನೇ ಹಾಕಲಿಲ್ಲ. ರೆಕ್ಕೆಗಳ ಬಡಿತ, ಹಕ್ಕಿಗಳ ಕೂಗು, ನಡುನಡುವೆ ಮೌನ. ಹೆದರಿಕೆಗೆ ಅಷ್ಟು ಸಾಕಾಯಿತು.

ಅಬ್ಬರದಿಂದ ಕಲೆಗೆ ಆಗುವ ನಷ್ಟ ಅವರವರ ಅಭಿರುಚಿಯ ಮಾತೆನ್ನಬಹುದು. ಕಿವಿಗೆ ಆಗುವ ನಷ್ಟ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ಲಿನ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಶಕ್ತಿ ಇಮ್ಮಡಿಸುವುದರಿಂದ ಕಾಲ ಅರ್ಧವಾಗಬೇಕು: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ ಗಂಟೆ. ಸರಾಸರಿ 92 ಡೆಸಿಬೆಲ್ಲಿನಲ್ಲಿ ನಡೆಸಿದ ಎರಡೂವರೆ ಗಂಟೆಯ ಒಂದು ಚಿತ್ರ ಇಡೀ ವಾರದ ಪಾಲನ್ನು ಮುಗಿಸಿಬಿಡುತ್ತದೆ. ಆಮೇಲೆ ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನು ಬೇರೆ. ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಮನುಷ್ಯನಿಗೆ ಹುಟ್ಟಿನಿಂದ ಬಂದಷ್ಟೇ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಚಿತ್ರ ತಯಾರಿಸುವವರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ದೂರದ ಮಿಂಚಿಗೆ ದೂರದ ಗುಡುಗನ್ನು ಕೊಡಿ. ಮಾತಿಗೆ ಜಾಗ ಬಿಡಿ. ಮೌನವನ್ನು ಖಾಲಿ ಜಾಗವೆಂದು ತಿಳಿದು ತುಂಬಬೇಡಿ. ನಿಮ್ಮಲ್ಲಿಯೇ ಧ್ವನಿಮುದ್ರಕರು, ಎಲ್ಲರೂ ಸುಮ್ಮನಿದ್ದಾಗ ಕೋಣೆಯ ನಿಶ್ಶಬ್ದವನ್ನೂ ಒಂದಿಷ್ಟು ಹೊತ್ತು ಮುದ್ರಿಸಿಕೊಳ್ಳುವ ಪದ್ಧತಿಯುಂಟಷ್ಟೆ. ಪ್ರತಿಯೊಂದು ಕೋಣೆಯ ಮೌನಕ್ಕೂ ತನ್ನದೇ ಸ್ವರವಿದೆಯೆಂದು ಅವರು ಬಲ್ಲರು. ಅವರ ಮಾತು ಕೊನೆಯವರೆಗೂ ನಡೆಯಲಿ.

ಉಪಾಧ್ಯಾಯರಾದ ನಮ್ಮ ಹೊಣೆಯೂ ಇದೆ. ಶ್ರುತಿದಂಡ, ಅನುರಣನ ಕಂಬಗಳ ಜೊತೆಗೆ ಚಲನಚಿತ್ರದ ಒಂದು ದೃಶ್ಯವನ್ನೂ ಪಾಠಕ್ಕೆ ತಂದರೆ ಶಬ್ದಶಾಸ್ತ್ರ ಪರೀಕ್ಷೆಯ ಆಚೆಗೂ ಬದುಕೀತು. ತೆರೆಯ ತಪ್ಪನ್ನು ತರಗತಿಯಲ್ಲಿ ತಿದ್ದದಿದ್ದರೆ ದೂರಬೇಕಾದುದು ತೆರೆಯನ್ನಷ್ಟೇ ಅಲ್ಲ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ ಹೇಳಿ ಮುಗಿಸುತ್ತೇವೆ. ಮುಂದಿನ ಸಲ ಚಿತ್ರ ನೋಡುವಾಗ ಎರಡು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ಮಾತು ಯಾವುದು, ಕ್ರಿಯೆ ಯಾವುದು, ಪರಿಸರ ಯಾವುದು, ಸಂಗೀತ ಯಾವುದು ಎಂದು ಬಿಡಿಸಿಕೊಂಡು ಕೇಳಿ; ಮೌನವೆಂಬುದು ಸಿಕ್ಕಿತೇ ಎಂದೂ ನೋಡಿ. ಮುಂದಿನ ಮಳೆಯ ಸಂಜೆ ಮನೆಯೊಳಗೆ ಕುಳಿತು, ಆಗಸ ಮಿಂಚಿದೊಡನೆ ಒಂದು, ಎರಡು ಎಂದು ಎಣಿಸಿ. ಹೊಲದಿಂದ ಇನ್ನೂ ಬಾರದವರು ಯಾರಾದರೂ ಇದ್ದರೆ, ಎಣಿಸುವುದನ್ನು ಅವರಿಗೂ ಕಲಿಸಿ.